ಅಕ್ಷರಗಳ ರೂಪಾಂತರ

ಪೊನ್ನಂಪೇಟೆ ದಕ್ಷಿಣ ಕೊಡಗಿನ ಒಂದು ಊರು. ಇಲ್ಲಿನ ಮನೆಗಳಲ್ಲಿ ಕೇಳಿಬರುವ ಕೊಡವ ನುಡಿಯನ್ನು ಬರೆಯಲು ಬಹುಮಟ್ಟಿಗೆ ಕನ್ನಡ ಲಿಪಿಯೇ ಬಳಕೆಯಲ್ಲಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯೂ ಈ ಲಿಪಿಯಲ್ಲಿಯೇ ಅಚ್ಚಾಯಿತು. ಕಾಗದದ ಮೇಲೆ ಮೂಡಿದ ಅಕ್ಷರವನ್ನು ನೂರು ವರ್ಷಗಳ ಬಳಿಕವೂ ಓದಬಹುದು. ಆದರೆ ಗಣಕಯಂತ್ರದಲ್ಲಿ ಕೇವಲ ಇಪ್ಪತ್ತು ವರ್ಷಗಳ ಹಿಂದೆ ಜೋಡಿಸಿದ ಕನ್ನಡ ಬರಹವನ್ನು ಇಂದು ತೆರೆದರೆ, ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣಿಸುವುದುಂಟು. ಇದಕ್ಕೆ ಕಾರಣವೇನು?

ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳ ರೂಪದಲ್ಲಿ ಉಳಿಸಿಕೊಳ್ಳುತ್ತದೆ. ಹಿಂದಿನ ವ್ಯವಸ್ಥೆಯಲ್ಲಿ ಒಂದು ಫಾಂಟಿಗೆ ದೊರೆಯುತ್ತಿದ್ದುದು ಹೆಚ್ಚೆಂದರೆ 256 ಸ್ಥಾನಗಳು. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಅದರಲ್ಲಿ ಹಿಡಿಸುವಂತಿರಲಿಲ್ಲ. ಆದುದರಿಂದ ಅಕ್ಷರಗಳನ್ನು ತುಂಡುಗಳಾಗಿ ವಿಂಗಡಿಸಿ, ರೋಮನ್ ಚಿಹ್ನೆಗಳ ಸ್ಥಾನಗಳಲ್ಲಿ ಇರಿಸಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಫಾಂಟುಗಳಲ್ಲಿ ‘ವ’ಕಾರದ ತುಂಡಿಗೆ ತಲೆಕಟ್ಟನ್ನೂ ಕೊಂಬನ್ನೂ ಸೇರಿಸಿದರೆ ‘ಮ’ ಆಗುತ್ತಿತ್ತು. ಬೇರೆ ತಂತ್ರಾಂಶಗಳು ಬೇರೆ ಜೋಡಣೆಗಳನ್ನು ಅನುಸರಿಸಿದವು. ಹೀಗಾಗಿ ಆಯಾ ಫಾಂಟು ಇಲ್ಲದೆಡೆ ಬರಹವನ್ನು ಓದಲಾಗದು.

1991ರಲ್ಲಿ ಪ್ರಕಟವಾದ ಯೂನಿಕೋಡ್ ಈ ತೊಡಕಿಗೆ ಪರಿಹಾರ ಒದಗಿಸಿತು. ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳು ಮೀಸಲಾಗಿವೆ. ಫಾಂಟು ಯಾವುದಾದರೂ ‘ಕ’ಕಾರದ ಸಂಖ್ಯೆ ಬದಲಾಗದು.

ಹಳೆಯ ಬರಹವನ್ನು ಯೂನಿಕೋಡಿಗೆ ತರುವ ಸಾಧನವೇ ಪರಿವರ್ತಕ ತಂತ್ರಾಂಶ. ಒಂದು ಸಂಖ್ಯೆಯ ಬದಲು ಇನ್ನೊಂದನ್ನು ಇಟ್ಟರೆ ಕೆಲಸ ಮುಗಿಯುವುದಿಲ್ಲ. ‘ಸೂರ್ಯ’ ಎಂಬ ಪದವನ್ನೇ ನೋಡೋಣ. ಅರ್ಕಾವತ್ತಿನಿಂದ ಬರೆಯುವಾಗ ಮೊದಲು ‘ಯ’, ಅನಂತರ ಅರ್ಕಾವತ್ತು ಬರುತ್ತದೆ. ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಈ ಕ್ರಮವನ್ನೇ ಅನುಸರಿಸಿದವು. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುವುದರಿಂದ ‘ರ’ಕಾರ ಮೊದಲು ಬರಬೇಕು. ಪರಿವರ್ತಕವು ಇದನ್ನರಿತು ಸ್ಥಾನಪಲ್ಲಟ ಮಾಡಬೇಕಾಗುತ್ತದೆ. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಕನ್ನಡದ ತುಂಡುಗಳಾಗಿ ಮಾರ್ಪಟ್ಟು ಕೆಡಬಹುದು. ಆದುದರಿಂದ ಕೊನೆಯಲ್ಲಿ ಕರಡು ತಿದ್ದುವವರ ಕಣ್ಣು ಬೇಕೇ ಬೇಕು.

ಅಕ್ಷರದ ಆಕಾರವನ್ನೇ ತಿದ್ದುವ ಸಾಧನಗಳೂ ಇವೆ. ಜಾರ್ಜ್ ವಿಲಿಯಮ್ಸ್ ಎಂಬವರು 2000ದಲ್ಲಿ ಆರಂಭಿಸಿದ ‘ಫಾಂಟ್‌ಫೋರ್ಜ್’ ಅಂತಹ ಒಂದು ಮುಕ್ತ ತಂತ್ರಾಂಶ. ಇದರಲ್ಲಿ ಅಕ್ಷರದ ಅಂಚುಗಳು ಬಿಂದುಗಳನ್ನು ಕೂಡಿಸುವ ವಕ್ರರೇಖೆಗಳಾಗಿರುತ್ತವೆ. ಬಿಂದುವನ್ನು ಸರಿಸಿದರೆ ಆಕಾರ ಬದಲಾಗುತ್ತದೆ. ಒತ್ತಕ್ಷರಗಳು ಕೂಡುವ ನಿಯಮಗಳನ್ನೂ ಇಲ್ಲಿಯೇ ಅಳವಡಿಸಬಹುದು.

ಕನ್ನಡದಲ್ಲಿಲ್ಲದ ಕೆಲವು ಸ್ವರಗಳು ಕೊಡವ ನುಡಿಯಲ್ಲಿವೆ. ಅವುಗಳಿಗೆ ಬೇಕಾದ ಗುರುತುಗಳನ್ನು ಫಾಂಟಿನಲ್ಲಿ ರೂಪಿಸಲು ಇಂತಹ ಸಾಧನ ನೆರವಾಗುತ್ತದೆ. ಹಿರಿಯರು ಸಂಗ್ರಹಿಸಿದ ನುಡಿಸಂಪತ್ತು ಮುಂದಿನವರ ಕೈಸೇರಬೇಕಾದರೆ, ಹಳೆಯ ಫಾಂಟುಗಳಲ್ಲಿ ಸಿಲುಕಿದ ಬರಹಗಳನ್ನು ಕಾಲ ಮೀರುವ ಮುನ್ನ ಪರಿವರ್ತಿಸಿಡುವುದು ಅಗತ್ಯ.