ಎರಡು ಗಂಟೆಯ ಗೇಮ್‌ಗೆ ಎಷ್ಟು ಕೊಡಬೇಕು?

2021ರ ಆಗಸ್ಟ್‌ನಲ್ಲಿ ಎಮಿಕಾ ಗೇಮ್ಸ್ ಎಂಬ ಪುಟ್ಟ ಸಂಸ್ಥೆ ಇನ್ನು ಮುಂದೆ ಗೇಮ್ ಮಾಡುವುದಿಲ್ಲ, ಯಾವಾಗ ಮರಳುತ್ತೇವೋ ಗೊತ್ತಿಲ್ಲ ಎಂದು ಪ್ರಕಟಿಸಿತು. ಅದರ 'ಸಮ್ಮರ್ ಆಫ್ 58' ಆಗಷ್ಟೇ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಮಳಿಗೆಗೆ ಬಂದಿತ್ತು. ಪಾಳುಬಿದ್ದ ಸೋವಿಯತ್ ಕಾಲದ ಮಕ್ಕಳ ಶಿಬಿರವೊಂದರಲ್ಲಿ ನಡೆಯುವ ಭಯದ ಕಥೆ ಅದು. ಆಡಿದವರು ಮೆಚ್ಚಿ ಬರೆದಿದ್ದರು. ಮೆಚ್ಚಿದ ಮೇಲೂ ಬಹಳ ಮಂದಿ ಹಣ ವಾಪಸ್ ಪಡೆದರು. ಗೇಮ್ ಎರಡು ಗಂಟೆಯೊಳಗೆ ಮುಗಿಯುತ್ತಿತ್ತು, ಸ್ಟೀಮ್‌ನ ನಿಯಮ ಅದಕ್ಕೆ ಅವಕಾಶ ಕೊಟ್ಟಿತ್ತು.

2015ರ ಜೂನ್‌ನಲ್ಲಿ ಬಂದ ಆ ನಿಯಮ ಸರಳವಾದುದು. ಕೊಂಡು 14 ದಿನ ಮೀರಿರಬಾರದು, 2 ಗಂಟೆಗಿಂತ ಕಡಿಮೆ ಆಡಿರಬೇಕು. ಇಷ್ಟಿದ್ದರೆ ಕಾರಣ ಯಾವುದೇ ಇರಲಿ, ರಿಫಂಡ್ ಸಿಗುತ್ತದೆ. ಗ್ರಾಹಕನ ಮಟ್ಟಿಗೆ ಇದು ಒಳ್ಳೆಯ ನಿಯಮ. ಹಳೆಯ ಕಂಪ್ಯೂಟರ್‌ನಲ್ಲಿ ತೆವಳುವ ಗೇಮ್, ಟ್ರೇಲರ್‌ನಲ್ಲಿ ತೋರಿಸಿದ್ದೇ ಒಂದು ಒಳಗಿದ್ದದ್ದೇ ಒಂದು ಎನ್ನುವಂಥ ಗೇಮ್, ಇವುಗಳಿಂದ ಅದು ನಮ್ಮನ್ನು ಕಾಪಾಡಿದೆ. ನಿಯಮ ಮಾಡಿದವರ ಕಣ್ಣ ಮುಂದೆ ಇದ್ದದ್ದು ಮೂವತ್ತು, ಐವತ್ತು ಗಂಟೆಯ ಗೇಮ್‌ಗಳು. ಅವುಗಳ ಮಟ್ಟಿಗೆ ಎರಡು ಗಂಟೆ ಎಂದರೆ ರುಚಿ ನೋಡುವಷ್ಟು ಹೊತ್ತು. ತೊಂಬತ್ತು ನಿಮಿಷದಲ್ಲಿ ಹೇಳುವುದನ್ನೆಲ್ಲ ಹೇಳಿ ಮುಗಿಸುವ ಗೇಮ್‌ನ ಮಟ್ಟಿಗೆ ಅದೇ ಎರಡು ಗಂಟೆ ಎಂದರೆ ಇಡೀ ಕೃತಿ, ಜೊತೆಗೆ ಅರ್ಧ ಗಂಟೆಯ ವಿರಾಮ.

ರಿಫಂಡ್ ಕೇಳಿದವರೆಲ್ಲ ಮೋಸಗಾರರು ಎಂದು ನಾನು ಹೇಳಲಾರೆ. ಅವರ ತಲೆಯಲ್ಲಿದ್ದದ್ದು ಗೇಮ್ ಆಡುವ ನಮ್ಮೆಲ್ಲರಿಗೂ ಗೊತ್ತಿರುವ ಲೆಕ್ಕ: ಗಂಟೆಗೆ ಎಷ್ಟು ಬಿತ್ತು? ದೊಡ್ಡ ಗೇಮ್‌ಗಳ ಬೆಲೆ ವರ್ಷಾನುಗಟ್ಟಲೆ 60 ಡಾಲರ್ ಇದ್ದದ್ದು 2020ರಿಂದ 70ಕ್ಕೆ ಏರತೊಡಗಿತು. ಅಷ್ಟು ಹಣ ಸುರಿಯುವವನು ರಜೆಯೆಲ್ಲ ಆಡಲು ಸಿಗಲಿ ಎಂದು ಬಯಸುವುದು ಸಹಜ. ಕೂಡಿಟ್ಟ ದುಡ್ಡಿನಲ್ಲಿ ಆರು ತಿಂಗಳಿಗೊಂದು ಗೇಮ್ ಕೊಳ್ಳುವ ಹಾಸ್ಟೆಲ್ ಹುಡುಗನ ಲೆಕ್ಕವನ್ನು ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಈ ಲೆಕ್ಕ ಗೇಮ್‌ಗಳ ಮೇಲೆ ಏನು ಮಾಡಿದೆ ಎಂಬುದನ್ನು ನೋಡಬೇಕು. 2007ರ 'ಅಸ್ಯಾಸಿನ್ಸ್ ಕ್ರೀಡ್'ನಲ್ಲಿ ಊರೂರು ಅಲೆದು ಹುಡುಕಬೇಕಾದ ಬಾವುಟಗಳೇ 420 ಇದ್ದವು. ಅವುಗಳಿಂದ ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ. ಗಂಟೆ ತುಂಬುತ್ತಿತ್ತು, ಅಷ್ಟೆ.

ದೊಡ್ಡ ಗೇಮ್‌ನಲ್ಲಿ ಕತ್ತಿವರಸೆಯನ್ನು ಒಮ್ಮೆ ಚೆನ್ನಾಗಿ ಕಟ್ಟಿದರೆ ಆಟಗಾರ ಅದನ್ನು ಸಾವಿರ ಸಲ ಬಳಸುತ್ತಾನೆ. ಜಗತ್ತಿನ ಉಳಿದ ವಸ್ತುಗಳನ್ನು ನೂರಾರು ಕೈಗಳು ತಯಾರಿಸುತ್ತವೆ. ಅವುಗಳಲ್ಲಿ ನಮ್ಮ ಬೆಂಗಳೂರಿನ ಕೈಗಳೂ ಇವೆ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಹೊರದೇಶದ ದೊಡ್ಡ ಗೇಮ್‌ಗಳಿಗೆ ಚಿತ್ರಕೆಲಸ ಮಾಡಿಕೊಡುತ್ತಲೇ ಹೆಸರು ಮಾಡಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ದೊಡ್ಡ ಗೇಮ್ ಸಂಸ್ಥೆ ಕೊಂಡಿತು. ಸಣ್ಣ ಗೇಮ್‌ಗೆ ಅಂಥ ಕೈಗಳಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದರಲ್ಲಿ ಪುನರಾವರ್ತನೆ ಇಲ್ಲ. ಅದರ ಬೆಲೆಯ ಗುಟ್ಟು ಇಲ್ಲೇ ಇದೆ.

'ವೆಂಬಾ'ವನ್ನೇ ನೋಡಿ. ಕೆನಡಾದ ಟೊರಾಂಟೊದ ವಿಸೈ ಗೇಮ್ಸ್ 2023ರ ಜುಲೈನಲ್ಲಿ ಹೊರತಂದ ಈ ಗೇಮ್‌ನ ಬೆಲೆ 15 ಡಾಲರ್, ಆಡುವ ಅವಧಿ ಒಂದೂವರೆ ಗಂಟೆಯ ಆಸುಪಾಸು. 1988ರಲ್ಲಿ ತಮಿಳುನಾಡಿನಿಂದ ಟೊರಾಂಟೊಗೆ ಹೋಗಿ ನೆಲೆಸಿದ ದಂಪತಿ ವೆಂಬಾ ಮತ್ತು ಪಾವಲನ್, ಅಲ್ಲೇ ಹುಟ್ಟಿದ ಮಗ ಕವಿನ್. ನಾವು ಮಾಡುವ ಕೆಲಸ ಮುಖ್ಯವಾಗಿ ಅಡುಗೆ. ವೆಂಬಾಗೆ ತಾಯಿ ಕೊಟ್ಟುಕಳಿಸಿದ ಅಡುಗೆ ಪುಸ್ತಕ ಹರಿದು, ಮಾಸಿ, ಅಲ್ಲಲ್ಲಿ ಸಾಲುಗಳೇ ಅಳಿಸಿಹೋಗಿವೆ. ಅಳಿದ ಸಾಲನ್ನು ನಾವು ಊಹಿಸಬೇಕು. ಮೊದಲ ಅಡುಗೆ ಇಡ್ಲಿ: ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಎಲ್ಲಕ್ಕೂ ಸರಿಯಾಗಿ ತಾಗುತ್ತದೆ? ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳಿಕೊಡದೆ ಕೈಗೆ ಬಂದುಬಿಡುವ ಇಂಥ ತಿಳಿವಳಿಕೆಯನ್ನು ಒಂದು ಒಗಟಾಗಿ ಕಂಡದ್ದು ವಿನ್ಯಾಸಕಾರರ ದೊಡ್ಡತನ. ತಪ್ಪಿದರೆ ಅಂಕ ಕಳೆಯುವುದಿಲ್ಲ, ಗಡಿಯಾರ ಓಡುವುದಿಲ್ಲ. ಮತ್ತೆ ಮಾಡಬಹುದು.

ಮುಂದಿನ ಅಡುಗೆಯ ಹೊತ್ತಿಗೆ ವರ್ಷಗಳು ಸರಿದಿರುತ್ತವೆ. ಮಗ ಬೆಳೆದಿದ್ದಾನೆ, ಮನೆಯ ಊಟ ಅವನಿಗೆ ಬೇಡ, ಮನೆಯ ಮಾತೂ ದೂರವಾಗುತ್ತಿದೆ. ಪುಟ್ಟು, ಬಿರಿಯಾನಿ, ಹೀಗೆ ಒಂದೊಂದು ಅಡುಗೆಯೂ ಆ ಸಂಸಾರದ ಒಂದೊಂದು ಕಾಲಕ್ಕೆ ಅಂಟಿಕೊಂಡಿದೆ. "ಇನ್ನೂ ಇಪ್ಪತ್ತು ಅಡುಗೆ ಸೇರಿಸಿದ್ದರೆ ಹಣ ಸಾರ್ಥಕವಾಗುತ್ತಿತ್ತು" ಎನ್ನುವವರಿಗೆ ನನ್ನ ಉತ್ತರ ಇಷ್ಟೆ. ಇಪ್ಪತ್ತು ಸೇರಿಸಿದ್ದರೆ ಅದು ಹೋಟೆಲ್ ನಡೆಸುವ ಗೇಮ್ ಆಗುತ್ತಿತ್ತು. ಅಂಥವು ಬೇಕಾದಷ್ಟಿವೆ. ಮೂರನೆಯ ಸಲ ಇಡ್ಲಿ ಬೇಯಿಸುವಾಗ ಅದು ವೆಂಬಾಳ ಇಡ್ಲಿಯಾಗಿ ಉಳಿಯುವುದಿಲ್ಲ. ಈ ಗೇಮ್‌ಗೆ 2024ರಲ್ಲಿ ಸ್ವತಂತ್ರ ಗೇಮ್‌ಗಳ ಉತ್ಸವದ ಅತ್ಯುನ್ನತ ಬಹುಮಾನವೂ, ಚೊಚ್ಚಲ ಕೃತಿಗಾಗಿ ಬಾಫ್ಟಾ ಪ್ರಶಸ್ತಿಯೂ ಬಂದವು. ದಕ್ಷಿಣ ಭಾರತದ ಅಡುಗೆಮನೆಯೊಂದು ಅಲ್ಲಿಯತನಕ ಹೋದದ್ದು ನನಗೆ ಬಹಳ ಸಂತೋಷ ಕೊಟ್ಟಿದೆ.

ಮೆಲ್ಬರ್ನ್‌ನ ಕೆನ್ ವಾಂಗ್ ಮತ್ತು ಅವರ ಮೌಂಟನ್ಸ್ ತಂಡ 2018ರಲ್ಲಿ ಮಾಡಿದ 'ಫ್ಲಾರೆನ್ಸ್' ಇನ್ನೂ ಚಿಕ್ಕದು. ಮೊಬೈಲ್‌ನಲ್ಲಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ, ಬೆಲೆ 3 ಡಾಲರ್. ಇಪ್ಪತ್ತೈದರ ಹುಡುಗಿ ಫ್ಲಾರೆನ್ಸ್‌ಗೆ ಚೆಲ್ಲೊ ನುಡಿಸುವ ಕ್ರಿಶ್ ಸಿಗುತ್ತಾನೆ. ಮೊದಲ ಭೇಟಿಯಲ್ಲಿ ಅವಳ ಪ್ರತಿ ಮಾತನ್ನೂ ನಾವು ಚೂರುಗಳಿಂದ ಜೋಡಿಸಬೇಕು. ಬಹಳ ಚೂರುಗಳು, ಕೈ ತಡವರಿಸುತ್ತದೆ. ಸಲಿಗೆ ಬೆಳೆದಂತೆ ಚೂರುಗಳು ಕಡಿಮೆಯಾಗುತ್ತವೆ, ಮಾತು ತಾನಾಗಿ ಕೂಡಿಕೊಳ್ಳುತ್ತದೆ. ಜಗಳದಲ್ಲಿ ಅವೇ ಚೂರುಗಳಿಗೆ ಚೂಪು ಅಂಚು ಬರುತ್ತದೆ. ಒಂದು ಸಂಬಂಧದ ಏರಿಳಿತ ಬೆರಳ ತುದಿಗೆ ತಿಳಿಯುವಂತೆ ಮಾಡಿದ್ದಾರೆ. ಸಿನಿಮಾಕ್ಕೂ ಕಾದಂಬರಿಗೂ ಆಗದ ಕೆಲಸ ಇದು.

ಜೈಂಟ್ ಸ್ಪ್ಯಾರೋ ಸ್ಟುಡಿಯೊದ 'ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್' (2017, 20 ಡಾಲರ್) ಇದೇ ದಾರಿಯಲ್ಲಿ ಮತ್ತೂ ದೂರ ಹೋಗುತ್ತದೆ. ಒಂದು ವಂಶದ ಒಬ್ಬೊಬ್ಬರ ಸಾವಿನ ಕಥೆ, ಕಥೆಗೊಂದು ಬೇರೆಯೇ ಆಡುವ ರೀತಿ. ಮೀನು ಕಾರ್ಖಾನೆಯ ಅಧ್ಯಾಯದಲ್ಲಿ ಬಲಗೈ ಮೀನಿನ ತಲೆ ಕತ್ತರಿಸುತ್ತಲೇ ಇರಬೇಕು, ಎಡಗೈ ಲೂಯಿಸ್ ಎಂಬ ಯುವಕನ ಹಗಲುಗನಸಿನೊಳಗೆ ದಾರಿ ನಡೆಸಬೇಕು. ಕನಸು ಹಿಗ್ಗುತ್ತಾ ತೆರೆಯನ್ನೆಲ್ಲ ತುಂಬುತ್ತದೆ. ಬಲಗೈ ಮಾತ್ರ ಅರಿವಿಲ್ಲದೆ ಕತ್ತರಿಸುತ್ತಿರುತ್ತದೆ. ಯಂತ್ರದಂಥ ದುಡಿಮೆ ಮನುಷ್ಯನನ್ನು ಹೇಗೆ ಒಳಗಿನಿಂದ ಬೇರೆಡೆಗೆ ಒಯ್ಯುತ್ತದೆ ಎಂಬುದನ್ನು ಇಷ್ಟು ನಿಚ್ಚಳವಾಗಿ ಬೇರೆ ಗೇಮ್ ನನಗೆ ತೋರಿಸಿಲ್ಲ. ಹೀಗೆ ಒಂದು ಹೊಸ ರೀತಿಯನ್ನು ಯೋಚಿಸಿ, ಕಟ್ಟಿ, ಪರೀಕ್ಷಿಸಿ, ಕೆಲವೇ ನಿಮಿಷ ಬಳಸಿ ಬಿಟ್ಟುಬಿಡುತ್ತಾರೆ. 2018ರ ಬಾಫ್ಟಾದಲ್ಲಿ ವರ್ಷದ ಅತ್ಯುತ್ತಮ ಗೇಮ್ ಇದೇ ಆಯಿತು.

ಇಂಥ ಸಣ್ಣ ಗೇಮ್‌ಗೆ ಖರ್ಚು ಎಷ್ಟಾಗುತ್ತದೆ ಎಂಬ ಲೆಕ್ಕವನ್ನು ಬಹಿರಂಗಪಡಿಸಿದವರು ಲಂಡನ್ನಿನ ಅಸ್‌ಟೂ ಸ್ಟುಡಿಯೊದವರು. ಕೆನ್ ವಾಂಗ್ ಅವರೇ ಮುಖ್ಯ ವಿನ್ಯಾಸಕರಾಗಿದ್ದ 'ಮಾನ್ಯುಮೆಂಟ್ ವ್ಯಾಲಿ' (2014) ಎರಡು ಗಂಟೆಯೊಳಗಿನ ಗೇಮ್, 4 ಡಾಲರ್. ಸಣ್ಣದೊಂದು ತಂಡ 55 ವಾರ ದುಡಿದು, ಸುಮಾರು 8.5 ಲಕ್ಷ ಡಾಲರ್ ಖರ್ಚಾಗಿತ್ತು. ಮುಂದೆ ಎಂಟು ಹೊಸ ಹಂತಗಳನ್ನು ಕಟ್ಟಿ 2 ಡಾಲರ್ ಕೇಳಿದಾಗ, 'ಇದಕ್ಕೂ ದುಡ್ಡೇ?' ಎಂದು ಸಿಟ್ಟಾಗಿ ಒಂದೇ ನಕ್ಷತ್ರ ಕೊಟ್ಟವರಿದ್ದರು. ಆಂಡ್ರಾಯ್ಡ್ ಫೋನ್‌ಗಳಲ್ಲಿ ಅಳವಡಿಸಿಕೊಂಡ ಪ್ರತಿಗಳಲ್ಲಿ ಹಣ ಕೊಟ್ಟದ್ದು ಶೇ 5 ಮಾತ್ರ ಎಂದೂ ಸಂಸ್ಥೆ ಹೇಳಿತು. ಆ ಗೇಮ್ ಆದರೂ ಗೆದ್ದಿತು. ಕ್ಯಾನ್ಸರ್‌ಗೆ ತುತ್ತಾದ ಪುಟ್ಟ ಮಗ ಜೋಯಲ್‌ನ ಬಗ್ಗೆ ರಯಾನ್ ಮತ್ತು ಏಮಿ ಗ್ರೀನ್ ದಂಪತಿ ಮಾಡಿದ 'ದಟ್ ಡ್ರ್ಯಾಗನ್, ಕ್ಯಾನ್ಸರ್' (2016) ಗೇಮ್‌ಗೆ ಆ ಭಾಗ್ಯ ಇರಲಿಲ್ಲ. ಲಕ್ಷಾಂತರ ಜನ ಯೂಟ್ಯೂಬ್‌ನಲ್ಲಿ ಬೇರೆಯವರು ಆಡುವುದನ್ನು ನೋಡಿ ಕಣ್ಣೀರು ಹಾಕಿದರು, ಕೊಂಡವರು ಕಡಿಮೆ.

ಹಾಗೆಂದು ಚಿಕ್ಕದೆಲ್ಲ ಚೊಕ್ಕವಲ್ಲ. ಮಂದ ಪಿಯಾನೊ, ಮಂಜು ಮುಸುಕಿದ ದಾರಿ, ಅರ್ಥವಾಗದ ನಾಲ್ಕು ಸಾಲು ಇಟ್ಟು ಕಲೆ ಎನ್ನುವವರಿದ್ದಾರೆ. ಬಹಳ ಹೊಗಳಿಸಿಕೊಂಡ 'ಡಿಯರ್ ಎಸ್ತರ್'ನ (2012) ದ್ವೀಪ ಕಣ್ಣಿಗೆ ಹಬ್ಬ, ಆದರೆ ಅದರ ನಡಿಗೆಯ ವೇಗ ನನ್ನ ತಾಳ್ಮೆಯನ್ನು ಪರೀಕ್ಷಿಸಿತು. ಬೇಕೆಂದೇ ನಿಧಾನ ನಡೆಸುವುದೂ ಬಾವುಟ ಹುಡುಕಿಸುವುದರ ತಮ್ಮನೇ. ದೀರ್ಘತೆಗೂ ಅದರದೇ ರಸವಿದೆ. ಕರಾವಳಿಯಲ್ಲಿ ಇಡೀ ರಾತ್ರಿಯ ಯಕ್ಷಗಾನ ಕಾಲಮಿತಿಗೆ ಇಳಿದಾಗ ಏನನ್ನೋ ಕಳೆದುಕೊಂಡೆವು ಎಂದು ನೊಂದವರ ಮಾತಿನಲ್ಲಿ ಹುರುಳಿತ್ತು. 'ವಿಚರ್ 3'ರಂಥ ಗೇಮ್ ನೂರು ಗಂಟೆ ಕೇಳಿದರೆ ನಾನು ಮರುಮಾತಿಲ್ಲದೆ ಕೊಡುತ್ತೇನೆ.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ಮಾತಿದೆ. ಸ್ಟೀಮ್ 2015ರಿಂದ ರೂಪಾಯಿಯಲ್ಲೇ ವ್ಯವಹರಿಸುತ್ತದೆ, ಪ್ರತಿ ದೇಶಕ್ಕೂ ಬೇರೆ ಬೆಲೆ ಇಡುವ ಸ್ವಾತಂತ್ರ್ಯ ಗೇಮ್ ಮಾಡಿದವರಿಗಿದೆ. 15 ಡಾಲರನ್ನು ಹಾಗೇ ರೂಪಾಯಿ ಮಾಡಿದರೆ 1,200 ದಾಟುತ್ತದೆ. ಇಲ್ಲಿನ ಸಂಬಳಕ್ಕೆ ಅದು ಹೊರೆ. ಇಲ್ಲಿನ ಜೇಬು ನೋಡಿ ಬೆಲೆ ಇಡದ ಸ್ಟುಡಿಯೊ ಇಲ್ಲಿನ ಆಟಗಾರನ ಮೇಲೆ ಮುನಿಯುವಂತಿಲ್ಲ. ರಿಯಾಯಿತಿಗೆ ಕಾಯುವುದರಲ್ಲೂ ತಪ್ಪಿಲ್ಲ, ಹಬ್ಬದ ಸೇಲ್‌ನಲ್ಲಿ ಕೊಂಡರೂ ಹಣ ಮಾಡಿದವರಿಗೇ ಹೋಗುತ್ತದೆ.

ರಿಫಂಡ್ ನಿಯಮವನ್ನು ಮಾತ್ರ ತಿದ್ದಲೇಬೇಕು. ಗೇಮ್ ಎಷ್ಟು ಹೊತ್ತಿನದು ಎಂದು ಮಾಡಿದವರೇ ಮಳಿಗೆಯ ಪುಟದಲ್ಲಿ ಘೋಷಿಸಲಿ, ಅದರ ಐದನೇ ಒಂದು ಭಾಗ ರುಚಿ ನೋಡಲು ಬಿಡಲಿ. ಒಂದೂವರೆ ಗಂಟೆಯ ಗೇಮ್‌ಗೆ ಹದಿನೆಂಟು ನಿಮಿಷ ಸಾಕು. ಕೊಳ್ಳುವವರಿಗೆ ಅವಧಿ ಮೊದಲೇ ಗೊತ್ತಿರುತ್ತದೆ, ಆಮೇಲೆ ದೂರುವ ಪ್ರಮೇಯ ಇರುವುದಿಲ್ಲ. ಅಲ್ಲಿಯವರೆಗೆ ಹೊಸಬರಿಗೆ ನನ್ನ ಸಲಹೆ: ಫ್ಲಾರೆನ್ಸ್‌ನಿಂದ ಶುರುಮಾಡಿ, ಆ ಬೆಲೆಗೆ ಯೋಚಿಸುವುದೇ ಬೇಡ. ವೆಂಬಾವನ್ನು ಪೂರ್ತಿ ಬೆಲೆಗೇ ಕೊಳ್ಳಿ, ಸಾಧ್ಯವಾದರೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿ. ಈಡಿತ್ ಫಿಂಚ್ ಸೇಲ್‌ಗಳಲ್ಲಿ ಒಳ್ಳೆಯ ರಿಯಾಯಿತಿಗೆ ಸಿಗುತ್ತದೆ, ಅದಕ್ಕೆ ಕಾಯಬಹುದು. ಆದರೆ ಮನೆಯಲ್ಲಿ ಇತ್ತೀಚೆಗೆ ಸಾವು ಕಂಡಿದ್ದರೆ ಅದನ್ನು ಸದ್ಯಕ್ಕೆ ಮುಟ್ಟಬೇಡಿ.