ತುಂಬಿದ ಹಂಡೆಗೆ ಇನ್ನೊಂದು ಕೊಡ

‘ಹಂಡೆ ತುಂಬುವ ತನಕ ನೀರು ಸೇದು’ ಎಂದು ತಾಯಿ ಹೇಳಿದರೆ ಮಗನಿಗೆ ಬೇರೆ ವಿವರಣೆ ಬೇಡ. ಹಂಡೆ ಮೊದಲೇ ತುಂಬಿದ್ದರೆ ಅವನು ಒಂದು ಕೊಡವನ್ನೂ ಹೊಯ್ಯುವುದಿಲ್ಲ. ಗಣಕಯಂತ್ರಕ್ಕೆ ಈ ವಿವೇಕವಿಲ್ಲ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಬೇಕಾದರೆ ಎಲ್ಲಿ ತೊಡಗಬೇಕು, ಎಲ್ಲಿ ನಿಲ್ಲಬೇಕು ಎಂದು ಬಿಡಿಸಿ ಹೇಳಬೇಕು. ಇಂತಹ ಆಜ್ಞೆಗೆ ‘ಲೂಪ್’ ಎಂದು ಹೆಸರು. ಅದನ್ನು ಯಾವ ಪದದಿಂದ ಹೇಳಬೇಕೆಂಬುದು ಗಣಕ ಭಾಷೆ ಕಟ್ಟುವವರನ್ನು ಮೊದಲಿನಿಂದಲೂ ಕಾಡಿದೆ.

1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಹೊರತಂದ ‘ಫೋರ್ಟ್ರಾನ್’ ಭಾಷೆಯಲ್ಲಿ ಇದಕ್ಕೆ ‘ಡೂ’, ಅಂದರೆ ‘ಮಾಡು’, ಎಂಬ ಪದವಿತ್ತು. ಮಾಡಲು ಏನೂ ಇಲ್ಲದಿದ್ದರೆ? ಆ ಕಾಲದ ಎಷ್ಟೋ ಗಣಕಗಳು ಒಮ್ಮೆಯಾದರೂ ಮಾಡಿಯೇ ಬಿಡುತ್ತಿದ್ದುವು. ತುಂಬಿದ ಹಂಡೆಗೂ ಇನ್ನೊಂದು ಕೊಡ! ‘ಫೋರ್ಟ್ರಾನ್ 77’ರ ನಿಯಮಗಳು ಬಂದ ಮೇಲೆ ಈ ಗೊಂದಲ ತೀರಿತು. 1970ರಲ್ಲಿ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ ತಮ್ಮ ‘ಪಾಸ್ಕಲ್’ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇಟ್ಟರು. ‘ವೈಲ್’ ಎಂದರೆ ಮೊದಲು ನೋಡಿ ಅನಂತರ ಮಾಡುವುದು. ‘ರಿಪೀಟ್’ ಎಂದರೆ ಮೊದಲು ಮಾಡಿ ಅನಂತರ ನೋಡುವುದು.

ಇಂದು ಹೆಚ್ಚು ಬಳಕೆಯಲ್ಲಿರುವ ಪದ ‘ಫಾರ್’. 1951ರಲ್ಲಿ ಜೂರಿಚ್‌ನ ಹೈಂಜ್ ರೂಟಿಸ್‌ಹೌಸರ್ ತಮ್ಮ ಬರವಣಿಗೆಯಲ್ಲಿ ಇದೇ ಅರ್ಥದ ಜರ್ಮನ್ ಪದ ‘ಫ್ಯೂರ್’ ಬಳಸಿದ್ದರು. ‘ಇಂತಿಂತಹ ಪ್ರತಿ ಬೆಲೆಗೂ’ ಎಂಬ ಗಣಿತದವರ ಮಾತಿನ ರೂಢಿ ಅದು. ಗಣಿತಜ್ಞರಿಗೆ ಅದು ಸಹಜ, ಹೊಸಬರಿಗಲ್ಲ. ಆಂಡ್ರಿಯಾಸ್ ಸ್ಟೆಫಿಕ್ ಮತ್ತು ಸೂಸನ್ನಾ ಸೀಬರ್ಟ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲಿಯತೊಡಗಿದವರಿಗೆ ‘ಫಾರ್’, ‘ವೈಲ್’ ಪದಗಳಿಗಿಂತ ‘ರಿಪೀಟ್’ ಸುಲಭವಾಗಿ ಹೊಳೆಯಿತು. ಸ್ಟೆಫಿಕ್ ಅವರ ‘ಕೋರಮ್’ ಭಾಷೆಯಲ್ಲಿ ‘ರಿಪೀಟ್ 10 ಟೈಮ್ಸ್’ ಎಂದು ಬರೆದರೆ ಸಾಕು.

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಗಣಕದ ಮುಂದೆ ಇಂಗ್ಲಿಷು ಎಂದಾಗುವ ನಮ್ಮ ಮಕ್ಕಳಿಗೆ ಇದು ಸಣ್ಣ ಮಾತಲ್ಲ. ‘ಫಾರ್’ ಎಂದರೆ ‘ಗಾಗಿ’ ಎಂದು ಕಲಿತ ಮಗುವಿಗೆ ಅದರಲ್ಲಿ ‘ಮತ್ತೆ ಮಾಡು’ ಎಂಬ ಅರ್ಥ ಕಾಣದಿದ್ದರೆ ಅದು ದಡ್ಡತನವಲ್ಲ. ನಮ್ಮ ‘ತನಕ’ ಕೂಡ ಎಚ್ಚರ ಬೇಡುವ ಪದವೇ. ‘ಹಂಡೆಯಲ್ಲಿ ಜಾಗ ಇರುವ ತನಕ’ ಎಂದಾಗ ಮುಂದುವರಿಯುವ ಕಾರಣ ಹೇಳಿದಂತೆ; ‘ಹಂಡೆ ತುಂಬುವ ತನಕ’ ಎಂದಾಗ ನಿಲ್ಲುವ ಕಾರಣ. ಇಂಗ್ಲಿಷಿನಲ್ಲಿ ಮೊದಲನೆಯದು ‘ವೈಲ್’, ಎರಡನೆಯದು ‘ಅಂಟಿಲ್’. ಕಲಿಸುವವರು ಈ ವ್ಯತ್ಯಾಸವನ್ನು ಮೊದಲು ಕನ್ನಡದಲ್ಲಿ ತಿಳಿಸಿಕೊಡಲಿ. ಆಮೇಲೆ ಯಾವ ಗಣಕ ಭಾಷೆಯ ಪದ ಎದುರಾದರೂ ಮಗು ಅಂಜಬೇಕಾಗಿಲ್ಲ.