ವಿದ್ಯುತ್ತು ತಪ್ಪಿದ ವಿಮಾನದಲ್ಲಿ ಇಂಧನದ ಗತಿ

ಇಂಧನವೆಂಬ ಶಬ್ದವು ‘ಹೊತ್ತಿಸು’ ಎಂಬರ್ಥದ ಸಂಸ್ಕೃತ ಧಾತುವಿನಿಂದ ಹುಟ್ಟಿದುದು. ಸೌದೆ, ಉರುವಲು ಎಂಬುವು ಅದರ ಮೊದಲಿನ ಅರ್ಥಗಳು. ಇಂದಿನ ಪ್ರಯಾಣಿಕ ವಿಮಾನಗಳು ಉರಿಸುವ ಇಂಧನವಾದರೋ ಸೀಮೆಎಣ್ಣೆಯ ಒಂದು ಶುದ್ಧರೂಪ. ಒಟ್ಟಿದ ಸೌದೆಯು ತಾನಾಗಿ ಒಲೆಯ ಬಾಯಿಗೆ ಬಾರದಂತೆ, ಈ ಎಣ್ಣೆಯೂ ತೊಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಎಂಜಿನ್ನಿಗೆ ದೊರೆತಂತಾಗದು. ಸಾಧಾರಣ ಕಾಲದಲ್ಲಿ ಅದನ್ನು ಮುಟ್ಟಿಸುವುದು ವಿದ್ಯುಚ್ಛಕ್ತಿಯಿಂದ ನಡೆಯುವ ಪಂಪುಗಳ ಕೆಲಸ. ಆ ಶಕ್ತಿಯು ನಡುವಾನಿನಲ್ಲಿ ತಪ್ಪಿದರೆ ಎಂಜಿನ್ನುಗಳ ಗತಿಯೇನು ಎಂಬುದು ವಿಚಾರಾರ್ಹವಾದ ವಿಷಯ.

1. ಸಾಧಾರಣ ವ್ಯವಸ್ಥೆ

ಬೋಯಿಂಗ್ 737–800 ಎಂಬ ವಿಮಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ ಎರಡು ರೆಕ್ಕೆಗಳಲ್ಲಿ ಒಂದೊಂದು ತೊಟ್ಟಿಯೂ, ಒಡಲಿನ ಮಧ್ಯಭಾಗದಲ್ಲಿ ಒಂದು ನಡುತೊಟ್ಟಿಯೂ ಉಂಟು. ಒಂದೊಂದು ರೆಕ್ಕೆಯ ತೊಟ್ಟಿಯು ಸುಮಾರು 3,900 ಕಿಲೋಗ್ರಾಂ ಇಂಧನವನ್ನು ಹಿಡಿದರೆ, ನಡುತೊಟ್ಟಿಯು ಸುಮಾರು 13,000 ಕಿಲೋಗ್ರಾಂ ಹಿಡಿಯುವುದು. ಪ್ರತಿಯೊಂದು ತೊಟ್ಟಿಗೂ ಎರಡೆರಡು ವಿದ್ಯುತ್ ಪಂಪುಗಳು. ನಡುತೊಟ್ಟಿಯ ಪಂಪುಗಳ ಒತ್ತಡವು ಮಿಕ್ಕವುಗಳಿಗಿಂತ ಹೆಚ್ಚಾದುದರಿಂದ ಅಲ್ಲಿಯ ಇಂಧನವೇ ಮೊದಲು ವೆಚ್ಚವಾಗುತ್ತದೆ. ರೆಕ್ಕೆಗಳಲ್ಲಿ ಭಾರವು ಉಳಿದಿದ್ದರೆ ಅವು ಗಾಳಿಯ ಬಲಕ್ಕೆ ಮೇಲಕ್ಕೆ ಬಾಗುವ ಆಯಾಸವು ಕಡಿಮೆಯಾಗುವುದೆಂಬುದು ಈ ಕ್ರಮದ ಗುಣ.

2. ಪಂಪುಗಳು ನಿಂತ ಮೇಲೆ

ಎರಡು ಎಂಜಿನ್ನುಗಳ ಜನಕಯಂತ್ರಗಳೂ, ಬಾಲದಲ್ಲಿರುವ ಸಹಾಯಕ ಎಂಜಿನ್ನಿನ ಜನಕಯಂತ್ರವೂ ಏಕಕಾಲದಲ್ಲಿ ವಿಫಲವಾಗುವುದು ಅತಿ ವಿರಳ. ಹಾಗಾದಲ್ಲಿ ಆರು ಪಂಪುಗಳೂ ನಿಲ್ಲುತ್ತವೆ. ಎಂಜಿನ್ನುಗಳು ಮಾತ್ರ ಒಡನೆ ನಿಲ್ಲುವುದಿಲ್ಲ. ಇದಕ್ಕೆ ಕಾರಣಗಳು ಮೂರು. ಮೊದಲನೆಯದಾಗಿ, ಎಂಜಿನ್ನಿಗೆ ತನ್ನದೇ ಆದ ಮತ್ತೊಂದು ಪಂಪು ಉಂಟು. ಅದು ಎಂಜಿನ್ನಿನ ಹಲ್ಲುಗಾಲಿಗಳಿಂದಲೇ ತಿರುಗತಕ್ಕುದು. ವಿದ್ಯುತ್ ಪಂಪಿನ ಒತ್ತಡವು ಇಳಿದಾಗ ಅಡ್ಡದಾರಿಯ ಕವಾಟವೊಂದು ತಾನಾಗಿ ತೆರೆದು, ಈ ಪಂಪು ರೆಕ್ಕೆಯ ತೊಟ್ಟಿಯಿಂದ ಇಂಧನವನ್ನು ಹೀರಿಕೊಳ್ಳುವುದು. ಎಂಜಿನ್ನು ರೆಕ್ಕೆಯ ಕೆಳಗೆ ತೂಗಿರುವುದರಿಂದ ಭೂಮಿಯ ಆಕರ್ಷಣೆಯೂ ನೆರವಾಗುತ್ತದೆ. ಎರಡನೆಯದಾಗಿ, ಒಮ್ಮೆ ಹೊತ್ತಿದ ಜ್ವಾಲೆಯು ಕಿಡಿಯ ಅಪೇಕ್ಷೆಯಿಲ್ಲದೆ ಉರಿಯುತ್ತಲೇ ಇರುವುದು. ಮೂರನೆಯದಾಗಿ, ಇಂಧನದ ಪ್ರಮಾಣವನ್ನು ನಿಶ್ಚಯಿಸುವ ನಿಯಂತ್ರಕಕ್ಕೆ ಬೇಕಾದ ಅಲ್ಪ ವಿದ್ಯುತ್ತನ್ನು ಎಂಜಿನ್ನಿಗೇ ಜೋಡಿಸಿದ ಸಣ್ಣ ಜನಕವೊಂದು ಒದಗಿಸುತ್ತದೆ.

3. ಈ ಆಶ್ರಯದ ಮಿತಿ

ಆದರೆ ಹೀರುವಿಕೆಗೆ ಎರಡು ಕೊರತೆಗಳುಂಟು. ಎತ್ತರದಲ್ಲಿ ವಾಯುವಿನ ಒತ್ತಡವು ಕಡಿಮೆಯಾದುದರಿಂದ, ಇಂಧನದಲ್ಲಿ ಕರಗಿದ್ದ ಗಾಳಿಯು ಗುಳ್ಳೆಗಳಾಗಿ ಹೊರಬಿದ್ದು ಪ್ರವಾಹವನ್ನು ಕಡಿಯಬಹುದು. ಆಗ ಎಂಜಿನ್ನಿನ ಬಲವು ಕುಗ್ಗುವುದು, ಜ್ವಾಲೆಯೇ ಆರುವುದೂ ಸಾಧ್ಯ. ಆದಕಾರಣ ಇಂತಹ ಸಂದರ್ಭದಲ್ಲಿ ಕೆಳಗಿಳಿಯುವುದು ಶ್ರೇಯಸ್ಕರ. ಎರಡನೆಯ ಕೊರತೆಯು ಇನ್ನೂ ದೊಡ್ಡದು. ನಡುತೊಟ್ಟಿಯಿಂದ ಹೀರುವ ದಾರಿಯೇ ಇಲ್ಲ. ಪಂಪಿಲ್ಲದೆ ಅಲ್ಲಿಯ ಇಂಧನವು ಬರಿಯ ಭಾರ. ತೊಟ್ಟಿಗಳು ತುಂಬಿದ್ದಾಗ ಒಟ್ಟು ಇಂಧನದ ಅರ್ಧಕ್ಕಿಂತ ಹೆಚ್ಚು ಭಾಗವು ಹೀಗೆ ಕೈಗೆಟುಕದಂತಾಗುವುದು. ಆದುದರಿಂದ ಒಂದೇ ಅವಘಡವು ಪ್ರಯಾಣದ ಆದಿಯಲ್ಲಿ ಒದಗಿದರೆ ಒಂದು ಬಗೆ, ನಡುತೊಟ್ಟಿಯು ಬರಿದಾದ ಮೇಲೆ ಒದಗಿದರೆ ಇನ್ನೊಂದು ಬಗೆ. ಮೊದಲನೆಯದರಲ್ಲಿ ಗಮ್ಯಸ್ಥಾನದ ಆಸೆಯನ್ನು ಬಿಟ್ಟು ಸಮೀಪದ ನಿಲ್ದಾಣವನ್ನು ಅರಸಬೇಕಾಗುವುದು.

4. ಎರಡು ನಿದರ್ಶನಗಳು

2008ರ ಜನವರಿ 7ರಂದು ಲಂಡನ್ನಿನಿಂದ ಬ್ಯಾಂಕಾಕಿಗೆ ಬರುತ್ತಿದ್ದ ಕ್ವಾಂಟಾಸ್ ಸಂಸ್ಥೆಯ ಬೋಯಿಂಗ್ 747–400 ವಿಮಾನದಲ್ಲಿ ಅಡಿಗೆಯ ಕಟ್ಟೆಯ ಕಡೆಯಿಂದ ಸೋರಿದ ನೀರು ಜನಕಯಂತ್ರಗಳ ನಿಯಂತ್ರಕಗಳಿಗೆ ಇಳಿಯಿತು. ನಾಲ್ಕು ಮುಖ್ಯ ವಿದ್ಯುನ್ಮಾರ್ಗಗಳಲ್ಲಿ ಮೂರು ನಿಷ್ಕ್ರಿಯವಾದುವು. ಎಂಜಿನ್ನುಗಳು ಮಾತ್ರ ನಡೆಯುತ್ತಲೇ ಇದ್ದು, ವಿಮಾನವು ಕ್ಷೇಮವಾಗಿ ಇಳಿಯಿತು.

ಇದಕ್ಕೆ ವಿಪರ್ಯಾಸವಾದುದು ಕೆನಡಾದಲ್ಲಿ 1983ರ ಜುಲೈ 23ರಂದು ನಡೆದ ಘಟನೆ. ಏರ್ ಕೆನಡಾ ಸಂಸ್ಥೆಯ ಬೋಯಿಂಗ್ 767 ವಿಮಾನದಲ್ಲಿ ಇಂಧನದ ಮಾಪಕಗಳು ಕೆಟ್ಟಿದ್ದುವು. ಅಳತೆಗೋಲಿನಿಂದ ಕಂಡ ಲೀಟರುಗಳನ್ನು ತೂಕಕ್ಕೆ ಪರಿವರ್ತಿಸುವಾಗ ಕಿಲೋಗ್ರಾಮಿನ ಗುಣಕಕ್ಕೆ ಬದಲಾಗಿ ಪೌಂಡಿನ ಗುಣಕವಾದ 1.77 ಬಳಕೆಯಾಯಿತು. ಬೇಕಾದುದು 22,300 ಕಿಲೋಗ್ರಾಂ. ಇದ್ದುದು ಅದರ ಅರ್ಧಕ್ಕಿಂತಲೂ ಕಡಿಮೆ. 41,000 ಅಡಿ ಎತ್ತರದಲ್ಲಿ ಹೋಗುತ್ತಿದ್ದಾಗ ಇಂಧನವು ತೀರತೊಡಗಿ, ಎರಡು ಎಂಜಿನ್ನುಗಳೂ ಒಂದಾದ ಮೇಲೊಂದು ನಿಂತುವು. ಅವುಗಳೊಡನೆ ಜನಕಯಂತ್ರಗಳೂ ನಿಂತು, ಚಾಲಕರ ಮುಂದಿನ ಮುಖ್ಯ ಪಟಲಗಳು ಕತ್ತಲಾದುವು. ಬ್ಯಾಟರಿಯ ಬಲದಿಂದ ಕೆಲವೇ ಉಪಕರಣಗಳೂ, ಗಾಳಿಯ ವೇಗದಿಂದ ತಿರುಗುವ ಸಣ್ಣ ಚಕ್ರದ ಒತ್ತಡದಿಂದ ಚುಕ್ಕಾಣಿಯೂ ಉಳಿದುವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಅವರೂ, ಸಹಚಾಲಕರಾದ ಮಾರಿಸ್ ಕ್ವಿಂಟಾಲ್ ಅವರೂ ವಿಮಾನವನ್ನು ತೇಲಿಸಿಕೊಂಡು ಹೋಗಿ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಅದರಲ್ಲಿದ್ದ 69 ಮಂದಿಯೂ ಬದುಕಿದರು.

ವಿದ್ಯುತ್ತಿಲ್ಲದೆ ಇಂಧನವು ಕೆಲಕಾಲ ಸಾಗಬಲ್ಲುದು. ಇಂಧನವಿಲ್ಲದೆ ವಿದ್ಯುತ್ತಿನ ಮೂಲವೇ ಬತ್ತುವುದು. ಆದುದರಿಂದ ವಿಮಾನದಲ್ಲಿರುವ ಇಂಧನ, ಎಂಜಿನ್ನಿಗೆ ಎಟುಕುವ ಇಂಧನ, ಚಾಲಕನು ಇದೆಯೆಂದು ಬಗೆದಿರುವ ಇಂಧನ — ಈ ಮೂರನ್ನೂ ಬೇರೆ ಬೇರೆಯಾಗಿ ಎಣಿಸಬೇಕು. ಸಾಧಾರಣ ಕಾಲದಲ್ಲಿ ಇವು ಒಂದೇ ಎಂದು ತೋರುವುವು. ಅವುಗಳ ಅಂತರವು ಪ್ರಕಟವಾಗುವುದು ಆಪತ್ಕಾಲದಲ್ಲಿಯೇ.